ನಕ್ಷೆಯಲ್ಲಿ ಇದ್ದ ಹಾಗೇ

ನಾವು ಬರೆಯೋದು ಒಂದು, ಎದ್ದು ನಿಲ್ಲೋದು ಇನ್ನೊಂದು. ಆರ್ಕಿಟೆಕ್ಟ್ ಆಗಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು, ಈ ವಿಷಯದಲ್ಲಿ ಮೈಸೂರಿನ ಜನ ನನಗೆ ಒಂದು ವಾರವೂ ಬಿಡುವು ಕೊಟ್ಟಿಲ್ಲ. ನಮ್ಮ ಆಫೀಸಿನ ಸರ್ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲ್ಲ. ನಕ್ಷೆ ಬರೆದು ಕೊಟ್ಟ ಮೇಲೆ ಮಗಳನ್ನು ಧಾರೆ ಎರೆದ ಹಾಗೆ, ಆಮೇಲೆ ಅವರ ಮನೆ ಪದ್ಧತಿ ಅಂತ ಹೇಳಿ ಕಾಫಿ ಕುಡಿಯೋಕೆ ಹೋಗ್ತಾರೆ. ನನಗೆ ಹಾಗೆ ಬಿಟ್ಟುಬಿಡೋಕೆ ಆಗಲ್ಲ, ಯಾಕಂದ್ರೆ ನಮ್ಮನೇಲಿ ಅಪ್ಪ ಇದ್ದಾರೆ.

ಅಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಜರ್‌ಬಾದಿನ ನಮ್ಮ ಬೀದಿಯಲ್ಲಿ ಯಾರಾದ್ರೂ ದಾರಿ ಕೇಳಿದರೆ ಎಡಕ್ಕೆ ಬಲಕ್ಕೆ ಅನ್ನೋರಲ್ಲ. "ಸ್ವಲ್ಪ ದೂರ ಹೋಗಿ ನೈಋತ್ಯಕ್ಕೆ ತಿರುಗಿ" ಅಂತಾರೆ. ಕೇಳಿದವರು ಕೈ ಮುಗಿದು ಮುಂದೆ ಹೋಗಿ ಬೀಡಾ ಅಂಗಡಿಯವನನ್ನು ಕೇಳ್ತಾರೆ. ಇಂಥಾ ಅಪ್ಪ ಪ್ರತಿ ಭಾನುವಾರ ತಿಂಡಿ ಆದ ಮೇಲೆ ಸ್ಕೂಟರ್ ಒರೆಸುತ್ತಾ ಒಂದೇ ಮಾತು ಕೇಳ್ತಾರೆ. "ನಡಿಯೇ, ನೀನು ಕಟ್ಟಿಸಿದ್ದು ಒಂದು ತೋರಿಸು. ಐದು ವರ್ಷ ಓದಿದೆ, ಮೂರು ವರ್ಷ ದುಡಿದೆ, ನಾನು ಇನ್ನೂ ಒಂದು ಗೋಡೆ ನೋಡಿಲ್ಲ."

ಹೊಟ್ಟೆ ಉರಿಯುತ್ತೆ ನನಗೆ. ಯಾರಾದ್ರೂ ಸಿಕ್ಕಾಗ ಅಪ್ಪ ನನ್ನನ್ನ ಪರಿಚಯ ಮಾಡಿಕೊಡೋದೂ ಹಾಗೇ. "ಇವಳು ಎಂಜಿನಿಯರ್ ತರಹ, ಆದ್ರೆ ಎಂಜಿನಿಯರ್ ಅಲ್ಲ." ಅಪ್ಪನನ್ನ ಒಂದು ಕಟ್ಟಡದ ಮುಂದೆ ನಿಲ್ಲಿಸಿ, ಇದು ನಾನು ಬರೆದ ಹಾಗೇ ಇದೆ ನೋಡಿ ಅನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅದು ಎಷ್ಟು ಕಷ್ಟ ಅನ್ನೋದನ್ನ ಕೇಳಿ.

ಗೊಂಬೆ ಕೂರಿಸುವ ಜಾಗ

ನನ್ನ ಕೈಗೆ ಬಂದ ಮೊದಲನೇ ಮನೆ ಒಬ್ಬ ನಿವೃತ್ತ ಅಧಿಕಾರಿಯದು. ಸಣ್ಣ ಸೈಟು, ಗಂಡ ಹೆಂಡತಿ ಇಬ್ಬರೇ. ಗಂಡ ಬಹಳ ಸಂಕೋಚದ ಮನುಷ್ಯ. ನನ್ನನ್ನ ಪಕ್ಕಕ್ಕೆ ಕರೆದು, "ನನಗೆ ಅಂತ ಒಂದು ಪುಟ್ಟ ಓದೋ ರೂಮು ಇರಲಮ್ಮ, ಒಂದು ದೊಡ್ಡ ಕಿಟಕಿ ಇದ್ದರೆ ಸಾಕು" ಅಂದರು. ನನಗೆ ಪಾಪ ಅನ್ನಿಸಿ, ಇಡೀ ಮನೇಲಿ ಆ ರೂಮನ್ನೇ ಚೆನ್ನಾಗಿ ಬರೆದೆ. ಅಗಲವಾದ ಕಿಟಕಿ, ಕೆಳಗೆ ಕೂರೋಕೆ ಕಟ್ಟೆ, ಹೊರಗೆ ಒಂದು ಪಾರಿಜಾತ.

ಹೆಂಡತಿ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಐದು ನಿಮಿಷ ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಗೊಂಬೆ ಎಲ್ಲಿ ಕೂರಿಸೋದು?"

"ದಸರಾ ಹತ್ತು ದಿನ ತಾನೆ ಆಂಟಿ, ಹಾಲ್‌ನಲ್ಲಿ ಮೂಲೇಲಿ" ಅಂತ ಅನ್ನೋಕೆ ಹೋದೆ. ಅವರು ಮಧ್ಯದಲ್ಲೇ ತಡೆದರು. "ನಮ್ಮತ್ತೆಯ ಅತ್ತೆ ಕಾಲದ ಪಟ್ಟದ ಗೊಂಬೆ ಇದೆ. ಒಂಬತ್ತು ಮೆಟ್ಟಿಲು ಬೇಕು. ಪ್ರತಿ ವರ್ಷ ಮಂಚ, ಟ್ರಂಕು, ಸ್ಟೂಲು ಜೋಡಿಸಿ ಜೋಡಿಸಿ ನನ್ನ ಸೊಂಟ ಬಿದ್ದುಹೋಗಿದೆ."

ಗೃಹಪ್ರವೇಶಕ್ಕೆ ಹೋದಾಗ ನೋಡ್ತೀನಿ, ಓದೋ ರೂಮಿನಲ್ಲಿ ನೆಲದಿಂದ ಸೂರಿನ ತನಕ ಒಂಬತ್ತು ಮೆಟ್ಟಿಲು, ಸಿಮೆಂಟಿನಲ್ಲೇ ಕಟ್ಟಿ ಮೇಲೆ ಕೆಂಪು ಗಾರೆ ಹೊಡೆಸಿದ್ದಾರೆ. ಕಿಟಕಿ ಇದ್ದ ಜಾಗದಲ್ಲಿ ಆರನೇ ಮೆಟ್ಟಿಲು. ರೂಮಿನಲ್ಲಿ ಒಂದು ಕುರ್ಚಿ ಇಡೋಕೂ ಜಾಗ ಇಲ್ಲ. ಗಂಡ ಮಾತ್ರ ಒಳಗೇ ಇದ್ದರು. ಮೂರನೇ ಮೆಟ್ಟಿಲ ಮೇಲೆ ಕಾಲು ಮಡಿಸಿಕೊಂಡು ಕೂತು ಪೇಪರ್ ಓದ್ತಾ ಇದ್ದರು.

ನನ್ನ ಮುಖ ಸಪ್ಪಗಾದದ್ದನ್ನ ನೋಡಿ ಹೆಂಡತಿ ಸಮಾಧಾನ ಮಾಡಿದರು. "ಅವರಿಗೇನೂ ತೊಂದರೆ ಇಲ್ಲ ಕಣಮ್ಮ. ದಸರಾ ಬಿಟ್ಟರೆ ಮಿಕ್ಕ ದಿನವೆಲ್ಲ ಆ ಮೆಟ್ಟಿಲು ಅವರದೇ."

ಮಂಡಿ ಮೊಹಲ್ಲಾದ ಗಡಿ

ಎರಡನೆಯದು ಮಂಡಿ ಮೊಹಲ್ಲಾದಲ್ಲಿ. ಅಣ್ಣ ತಮ್ಮ ಇಬ್ಬರೂ ಸಗಟು ವ್ಯಾಪಾರಿಗಳು. ಅಣ್ಣನದು ಬೆಲ್ಲ, ತಮ್ಮನದು ಒಣಮೆಣಸಿನಕಾಯಿ. ಹಳೇ ಕಟ್ಟಡ ಕೆಡವಿ ಕೆಳಗೆ ಎರಡು ಮಳಿಗೆ, ಮೇಲೆ ಎರಡು ಮನೆ ಕಟ್ಟಬೇಕು. ಸೈಟು ಎಷ್ಟು ಕಿರಿದು ಅಂದ್ರೆ ಮೆಟ್ಟಿಲಿಗೆ ಜಾಗ ಇಲ್ಲ. ಅಣ್ಣ ಹೇಳ್ತಾರೆ, ಮೆಟ್ಟಿಲು ತಮ್ಮನ ಭಾಗದಲ್ಲಿ ಬರಲಿ. ತಮ್ಮ ಹೇಳ್ತಾರೆ, ಹಿರಿಯರು ಅವರು, ಮೆಟ್ಟಿಲಿನ ಗೌರವ ಅವರಿಗೇ ಸೇರಬೇಕು.

ಎರಡು ತಿಂಗಳು ಅವರ ಮಧ್ಯೆ ಓಡಾಡಿ ಸಾಕಾಗಿ, ಕೊನೆಗೆ ಸರಿಯಾಗಿ ನಡುವೆ, ಎರಡೂ ಕಡೆಯಿಂದ ಸಮ ಜಾಗ ತಗೊಂಡು, ಐದಡಿ ಅಗಲದ ಒಂದೇ ಮೆಟ್ಟಿಲು ಬರೆದೆ. ನನಗೆ ಬಹಳ ಹೆಮ್ಮೆ. ಒಂದೇ ಮೆಟ್ಟಿಲಲ್ಲಿ ಹತ್ತಿ ಇಳಿದರೆ ಮನಸ್ತಾಪವೂ ಕರಗುತ್ತೆ ಅಂತ ಸರ್ ಹತ್ತಿರ ಭಾಷಣ ಬೇರೆ ಮಾಡಿದೆ. ಇಬ್ಬರೂ ಒಪ್ಪಿದರು. ಕಟ್ಟಡ ಎದ್ದಿತು, ಮೆಟ್ಟಿಲು ನಾನು ಬರೆದಷ್ಟೇ ಅಗಲ ಬಂತು. ಆ ಭಾನುವಾರ ನಾನೇ ಅಪ್ಪನ ಸ್ಕೂಟರ್ ಒರೆಸಿ ಕರ್ಕೊಂಡು ಹೋದೆ.

ಹೋಗಿ ನೋಡಿದರೆ ಮೆಟ್ಟಿಲಿನ ನಟ್ಟ ನಡುವೆ, ಕೆಳಗಿನಿಂದ ಮೇಲಿನ ತನಕ, ಒಂದು ಗೋಡೆ. ಆ ಕಡೆ ಎರಡಡಿ ಚಿಲ್ಲರೆ, ಈ ಕಡೆ ಎರಡಡಿ ಚಿಲ್ಲರೆ. ಅಣ್ಣ ಖುಷಿಯಿಂದ ಬಂದು, "ಸಮವಾಗಿದೆ ನೋಡಮ್ಮ, ಬೇಕಾದರೆ ಟೇಪ್ ಹಿಡಿ" ಅಂದರು.

"ಮಂಚ, ಬೀರು ಎಲ್ಲ ಮೇಲಕ್ಕೆ ಹೇಗೆ ಹೋಗುತ್ತೆ ಸರ್?" ಅಂದೆ.

"ಹಗ್ಗ ಕಟ್ಟಿ ಎಳ್ಕೋತೀವಿ."

"ಹತ್ತೋವಾಗ ಎದುರಿಗೆ ಯಾರಾದ್ರೂ ಇಳೀತಾ ಇದ್ದರೆ?"

"ಇಳಿಯೋರೂ ನಮ್ಮನೆಯವರೇ ತಾನೆ? ವಾಪಸ್ ಹತ್ತಿ ಹೋಗ್ತಾರೆ."

ಅಷ್ಟರಲ್ಲಿ ಗೋಡೆಯ ಆ ಕಡೆಯಿಂದ ತಮ್ಮನ ದನಿ ಬಂತು. "ಅಣ್ಣ, ಕಾಫಿ ಕಳಿಸಲಾ?" ಅಣ್ಣ ಈ ಕಡೆಯಿಂದಲೇ, "ಮೂರು ಲೋಟ ಕಳಿಸೋ, ಎಂಜಿನಿಯರಮ್ಮ ಬಂದವ್ರೆ" ಅಂದರು. ಇಬ್ಬರಲ್ಲೂ ಮನಸ್ತಾಪ ಅನ್ನೋದು ಹುಡುಕಿದರೂ ಇಲ್ಲ. ಗೋಡೆ ಮಾತ್ರ ಇದೆ.

ಅಪ್ಪ ಕಾಫಿ ಕುಡಿದು, ಮೆಟ್ಟಿಲನ್ನು ಮೇಲೆ ಕೆಳಗೆ ನೋಡಿ, ಸ್ಕೂಟರ್ ಹತ್ತಿರ ಬಂದು ಹೇಳಿದರು. "ಇದು ಗಡಿ ವಿವಾದ ಕಣೇ, ನನ್ನ ಸಬ್ಜೆಕ್ಟ್ ಅಲ್ಲ. ಇತಿಹಾಸದ ಮೇಷ್ಟ್ರನ್ನ ಕರ್ಕೊಂಡು ಬರಬೇಕಾಗಿತ್ತು."

ಒಂದು ಗೆರೆ ಬಿಡಲ್ಲ

ಇಷ್ಟಾದ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ. ಮುಂದಿನ ಮನೆ ಬೋಗಾದಿ ಕಡೆಯ ಹೊಸ ಲೇಔಟಿನಲ್ಲಿ. ಮಾಲೀಕರು ಹತ್ತಿರದ ಹಳ್ಳಿಯ ಬೇಸಾಯದ ಕುಟುಂಬದವರು, ಈಗ ನಾಲ್ಕು ಟಿಪ್ಪರ್ ಲಾರಿ ಇಟ್ಟುಕೊಂಡು ಚೆನ್ನಾಗಿದ್ದಾರೆ. ಅವರ ಬಾಯಿಂದ ನಾನು ಕೆಲಸಕ್ಕೆ ಸೇರಿದಾಗಿನಿಂದ ಕಾಯ್ತಾ ಇದ್ದ ಮಾತು ಬಂತು. "ನಂಗೇನೂ ತಿಳಿಯಾಕಿಲ್ಲ ಮೇಡಂ. ಓದ್ದೋರು ನೀವು. ನೀವು ಎಂಗೆ ಬರೀತೀರೋ ಅಂಗೇ ಕಟ್ಟುಸ್ತೀನಿ. ನಮ್ಮವ್ವಂಗೆ ಮಾತ್ರ ಬಿಸ್ಲು ಕಾಯಾಕೆ ಒಂಚೂರು ಜಾಗ ಇರ್ಲಿ."

ಆ ಅಜ್ಜಿಗೋಸ್ಕರ ಮನೆ ಮಧ್ಯದಲ್ಲಿ ಒಂದು ತೊಟ್ಟಿ ಬರೆದೆ. ಮೇಲೆ ಆಕಾಶ, ಸುತ್ತ ಜಗಲಿ, ಬೆಳಗಿನ ಬಿಸಿಲು ನೇರ ಒಳಗೆ ಬರಬೇಕು. ನಿಜ ಹೇಳ್ತೀನಿ, ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು.

ಇನ್ನು ಉಳಿದದ್ದು ಗಾರೆ ಮೇಸ್ತ್ರಿ. ಬಹಳ ಅನುಭವಸ್ಥರು, ಅದೇ ತೊಂದರೆ. ಮೊದಲನೇ ವಾರವೇ ಒಂದು ಬಾಗಿಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ್ದರು. ಯಾಕೆ ಅಂದರೆ, "ಇಲ್ಲೇ ಲಕ್ಷಣವಾಗಿತ್ತು ಮೇಡಂ." ನನಗೆ ತಡೆಯೋಕಾಗಲಿಲ್ಲ. ಹಿಂದಿನ ಗೊಂಬೆ ಮೆಟ್ಟಿಲು, ಗಡಿ ಗೋಡೆ ಎಲ್ಲದರ ಸಿಟ್ಟೂ ಸೇರಿ ಅವರ ಮೇಲೆ ಹೋಯ್ತು. "ನೋಡಿ, ನೀವು ನಿಮ್ಮ ತಲೆ ಓಡಿಸಬೇಡಿ. ಹಾಳೆಯಲ್ಲಿ ಏನಿದೆಯೋ ಅದು ಸೈಟಿನಲ್ಲಿ ಇರಬೇಕು. ಅರ್ಥ ಆಗದೇ ಇದ್ದರೂ ಮಾಡಿ. ಒಂದು ಗೆರೆ ಬಿಡೋ ಹಾಗಿಲ್ಲ." ಅವರಿಗೆ ಅನುಕೂಲ ಆಗಲಿ ಅಂತ ಹಾಳೆಯನ್ನೆಲ್ಲ ಕನ್ನಡದಲ್ಲೇ ಬರೆದು ಕೊಟ್ಟೆ.

ಮೇಸ್ತ್ರಿ ಮುಖ ಚಿಕ್ಕದು ಮಾಡಿಕೊಂಡು ಬಾಗಿಲು ಒಡೆಸಿ ಮತ್ತೆ ಕಟ್ಟಿದರು. "ಆಯ್ತು ಬುಡಿ ಮೇಡಂ. ಇನ್ಮೇಲೆ ಒಂದು ಗೆರೆ ಬುಡಲ್ಲ" ಅಂದರು. ಆಮೇಲೆ ಸೂರಿಗೆ ಮೋಲ್ಡ್ ಹಾಕೋ ತನಕ ಒಂದು ಇಂಚು ಆಚೀಚೆ ಆಗಲಿಲ್ಲ.

ಆಫೀಸಿಗೆ ಬಂದು ಸರ್ ಹತ್ತಿರ ಇದನ್ನ ಕೊಚ್ಚಿಕೊಂಡೆ. ಅವರು ಖುಷಿ ಪಡ್ತಾರೆ ಅಂದುಕೊಂಡರೆ ಗಾಬರಿಯಾದರು. "ಮೇಸ್ತ್ರಿ ನನ್ನ ಮಾತು ಕೇಳದೇ ಇದ್ದರೆ ನನಗೆ ನಿದ್ದೆ ಬರುತ್ತೆ ಕಣಮ್ಮ. ಅಷ್ಟೂ ಮಾತು ಕೇಳ್ತಾ ಇದ್ದಾನೆ ಅಂದ್ರೆ ಭಯ ಆಗುತ್ತೆ."

ಬೆಟ್ಟ ಕಾಣುವ ಮನೆಗಳು

ಆ ಭಯದ ಅರ್ಥ ಕೇಳೋಕೆ ಪುರಸೊತ್ತು ಸಿಗಲಿಲ್ಲ. ಅದೇ ವಾರ ರಿಂಗ್ ರಸ್ತೆ ಪಕ್ಕ ಹದಿನೆಂಟು ಅಂತಸ್ತಿನ ಕಟ್ಟಡದ ಕೆಲಸ ಬಂತು, ನನ್ನನ್ನ ಬೋಗಾದಿಯಿಂದ ಎತ್ತಿ ಅಲ್ಲಿಗೆ ಹಾಕಿದರು. ಹದಿನೆಂಟು ಅಂತಸ್ತಿನಲ್ಲಿ ನನ್ನ ಪಾಲಿಗೆ ಬಂದದ್ದು ಬಾಲ್ಕನಿ. ಅದು ಸಣ್ಣ ವಿಷಯ ಅಲ್ಲ. ಮೈಸೂರಿನಲ್ಲಿ ಮನೆ ಕೊಳ್ಳೋರು ನೀರು ಬರುತ್ತಾ, ಕರೆಂಟು ಇರುತ್ತಾ ಅಂತ ಆಮೇಲೆ ಕೇಳ್ತಾರೆ, ಮೊದಲು ಕೇಳೋದು ಬೆಟ್ಟ ಕಾಣುತ್ತಾ ಅಂತ. ನಾನು ಒಂದೊಂದು ಮನೆಯ ಬಾಲ್ಕನಿಯನ್ನೂ ಚಾಮುಂಡಿ ಬೆಟ್ಟಕ್ಕೆ ಮುಖ ಮಾಡಿ ಬರೆದೆ. ಬೆಳಗ್ಗೆ ಎದ್ದು ಕಾಫಿ ಲೋಟ ಹಿಡ್ಕೊಂಡು ಬಾಗಿಲು ತೆಗೆದರೆ ಎದುರಿಗೇ ತಾಯಿ.

ಅಪ್ಪನಿಗೆ ಹೇಳಿದೆ, "ಇದನ್ನ ಯಾರೂ ಬದಲಾಯಿಸೋಕೆ ಆಗಲ್ಲ. ಹದಿನೆಂಟು ಅಂತಸ್ತು. ನೀವು ನಮ್ಮ ಮನೆ ತಾರಸಿಯಿಂದಲೇ ನೋಡಬಹುದು." ಅಪ್ಪ ದುರ್ಬೀನು ಹುಡುಕಿಟ್ಟುಕೊಂಡರು.

ಮಾದರಿ ಮನೆ ತೋರಿಸೋ ದಿನ ಕೊಳ್ಳೋಕೆ ಬಂದ ಮೂವತ್ತು ಜನ ಬಾಲ್ಕನಿಯಲ್ಲಿ ಸರದಿ ಮೇಲೆ ನಿಂತು ಬೆಟ್ಟಕ್ಕೆ ಕೈ ಮುಗಿದರು. ಬಿಲ್ಡರ್ ನನ್ನ ಕಡೆ ನೋಡಿ ತಲೆ ಆಡಿಸಿದರು. ಆಗ ಒಬ್ಬ ಹಿರಿಯ ಹೆಂಗಸು, ಮಗನ ಜೊತೆ ಬಂದಿದ್ದವರು, ಗೋಡೆ ಹಿಡಿದು ನಿಧಾನವಾಗಿ ಬಂದು ಕೇಳಿದರು. "ಬಟ್ಟೆ ಎಲ್ಲಿ ಒಣಗ ಹಾಕೋದಮ್ಮ?"

"ಹಿಂದುಗಡೆ ಜಾಗ ಬಿಟ್ಟಿದ್ದೀವಿ ಅಜ್ಜಿ."

"ಅಲ್ಲಿ ಬಿಸಿಲು ಬರುತ್ತಾ?"

"ಅಷ್ಟಾಗಿ ಬರಲ್ಲ."

"ಹಂಗಾದರೆ ಜನ ಇಲ್ಲೇ ತಂದು ಹಾಕ್ತಾರೆ." ಅವರು ಬೆಟ್ಟದ ಕಡೆ ಕೈ ತೋರಿಸಿದರು. "ತಾಯಿ ಬೆಳಗ್ಗೆ ಎದ್ದು ಕಣ್ಣು ಬಿಟ್ಟರೆ ಹದಿನೆಂಟು ಅಂತಸ್ತು ಚಡ್ಡಿ ಕಾಣಬೇಕಾ?"

ಕೈ ಮುಗಿದಿದ್ದವರೆಲ್ಲ ಕೈ ಇಳಿಸಿದರು. ಮಗ "ಅಮ್ಮ, ಸುಮ್ಮನಿರಿ" ಅಂದ. ಆದರೆ ಆ ಚಿತ್ರ ಎಲ್ಲರ ಕಣ್ಣಿಗೂ ಕಟ್ಟಿಬಿಟ್ಟಿತ್ತು. ಅವತ್ತು ಒಬ್ಬರೂ ಬುಕ್ ಮಾಡಲಿಲ್ಲ.

ಮಾರನೇ ದಿನ ಬಿಲ್ಡರ್ ಫೋನ್ ಬಂತು. ಬೆಟ್ಟದ ಕಡೆ ಪ್ರತಿ ಬಾಲ್ಕನಿಗೂ ನೆಲದಿಂದ ಸೂರಿಗೆ ಸಿಮೆಂಟ್ ಜಾಲರಿ ಹಾಕಿ ಮುಚ್ಚಬೇಕು, ತೂತುಗಳು ಬೆರಳು ತೂರದಷ್ಟು ಸಣ್ಣ ಇರಬೇಕು. ಮಾದರಿ ಮನೆಗೆ ಹಾಕಿದ್ದೂ ಆಯ್ತು. ಈಗ ಒಳಗಿನದು ಬೆಟ್ಟಕ್ಕೆ ಕಾಣಲ್ಲ, ಬೆಟ್ಟವೂ ಒಳಗಿನವರಿಗೆ ಕಾಣಲ್ಲ. ರಸ್ತೆ ಬದಿಯ ಬೋರ್ಡಿನಲ್ಲಿ ಮಾತ್ರ 'ಬೆಟ್ಟ ಕಾಣುವ ಮನೆಗಳು' ಅಂತಾನೇ ಇದೆ. ಮೊನ್ನೆ ಒಬ್ಬರು ಜಾಲರಿಗೆ ಕಣ್ಣು ಒತ್ತಿ, ಬೆಟ್ಟ ಎಲ್ಲಿ ಅಂತ ಕೇಳಿದ್ದಕ್ಕೆ ಮಾರಾಟದವನು ಶಾಂತವಾಗಿ ಹೇಳ್ತಾ ಇದ್ದ. "ಅಲ್ಲೇ ಇದೆ ಸಾರ್. ದೇವರ ವಿಷಯ, ನಂಬಿಕೆ ಇರಬೇಕು."

ಬೋಗಾದಿಯಲ್ಲಿ ಒಂದು ಭಾನುವಾರ

ಅಪ್ಪ ದುರ್ಬೀನು ವಾಪಸ್ ಬೀರುವಿನಲ್ಲಿಟ್ಟರು. ಮುಂದಿನ ಎರಡು ಭಾನುವಾರ ತೋರಿಸು ಅಂತ ಕೇಳೋದನ್ನೂ ಬಿಟ್ಟರು. ಆಗ ಬಂತು ಟಿಪ್ಪರ್ ಮಾಲೀಕರ ಫೋನ್.

"ಮೇಡಂ, ಗೃಹಪ್ರವೇಶಕ್ಕಂತೂ ಬರ್ಲಿಲ್ಲ ನೀವು. ಈ ಭಾನುವಾರ ತಿಂಡಿಗೆ ಬಂದ್ಬುಡಿ. ನಕ್ಷೇಲಿ ಇದ್ದಂಗೇ ಐತೆ ಮನೆ, ಒಂದು ಗೆರೆ ಬುಟ್ಟಿಲ್ಲ."

ಕಟ್ಟಡ ಮುಗಿಯೋ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ, ಅಂದ್ರೂ ಧೈರ್ಯ ಮಾಡಿ ಅಪ್ಪನನ್ನ ಹೊರಡಿಸಿದೆ. ಬೀದಿಗೆ ತಿರುಗಿದ ಕೂಡಲೇ ಸ್ಕೂಟರ್ ಮೇಲಿಂದಲೇ ಕತ್ತು ಚಾಚಿ ನೋಡಿದೆ. ಕಾಂಪೌಂಡು ನಾನು ಬರೆದದ್ದೇ. ಕಿಟಕಿ ನಾನು ಬರೆದದ್ದೇ. ಬಾಗಿಲು ಅದೇ ಜಾಗದಲ್ಲಿ. ಒಳಗೆ ತೊಟ್ಟಿ, ಸುತ್ತ ಜಗಲಿ, ಜಗಲಿ ಮೇಲೆ ಕಾಲು ಚಾಚಿಕೊಂಡು ಅಜ್ಜಿ, ಅವರ ಕಾಲ ಮೇಲೆ ಬೆಳಗಿನ ಬಿಸಿಲು. ಅಪ್ಪ ಒಂದು ಕಂಬ ಮುಟ್ಟಿ ನೋಡಿ, "ಇದೆಲ್ಲ ನೀನು ಬರೆದದ್ದಾ?" ಅಂದರು. ನಾನು ಹೂಂ ಹೂಂ ಅಂತ ತಲೆ ಆಡಿಸಿದೆ.

ಆಮೇಲೆ ತೊಟ್ಟಿಯ ನೆಲ ನೋಡಿದೆ. ಬಿಳಿ ಕಲ್ಲಿನ ನೆಲದ ಮಧ್ಯೆ, ಕರೀ ಗ್ರಾನೈಟಿನಲ್ಲಿ, ಆರಡಿ ಉದ್ದದ ಒಂದು ಬಾಣ. ಅದರ ತುದಿಯಲ್ಲಿ ಕೆತ್ತಿದ ಅಕ್ಷರ: ಉತ್ತರ.

ಪ್ರತಿ ನಕ್ಷೆಯಲ್ಲೂ ಉತ್ತರ ದಿಕ್ಕು ಯಾವ ಕಡೆ ಅಂತ ತೋರಿಸೋಕೆ ಒಂದು ಬಾಣದ ಗುರುತು ಹಾಕ್ತೀವಿ. ಅದು ಕಟ್ಟೋಕೆ ಅಲ್ಲ, ನೋಡೋಕೆ. ಹಾಳೆಯಲ್ಲಿ ಬೇರೆ ಎಲ್ಲೂ ಖಾಲಿ ಜಾಗ ಇಲ್ಲ ಅಂತ ನಾನು ಅದನ್ನ ತೊಟ್ಟಿಯೊಳಗೆ ಹಾಕಿದ್ದೆ. ಮೇಸ್ತ್ರಿ ಅದನ್ನೂ ಬಿಟ್ಟಿರಲಿಲ್ಲ, ಅಷ್ಟೇ.

ಅದಾದರೂ ಪರವಾಗಿಲ್ಲ, ಚೆನ್ನಾಗೇ ಕಾಣ್ತಿತ್ತು. ನನಗೆ ಭಯ ಆಗಿದ್ದು ಇನ್ನೊಂದು ಕಾರಣಕ್ಕೆ. ಬಾಣದ ತುದಿ ನೇರವಾಗಿ ಸೂರ್ಯನನ್ನ ತೋರಿಸ್ತಾ ಇತ್ತು. ಬೆಳಗ್ಗೆ ಎಂಟು ಗಂಟೆಯ ಸೂರ್ಯ. ಮಂಜೂರಾತಿಗೆ ಕೊಟ್ಟ ನಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಮೇಸ್ತ್ರಿಗೆ ಅಂತ ನಕ್ಷೆ ದೊಡ್ಡದು ಮಾಡೋವಾಗ ಹಾಳೆಯಲ್ಲಿ ಮನೆ ಹಿಡಿಸಲಿಲ್ಲ ಅಂತ ಅಡ್ಡಕ್ಕೆ ತಿರುಗಿಸಿದ್ದೆ. ಮನೆ ತಿರುಗಿಸಿದೆ, ಬಾಣ ತಿರುಗಿಸೋದನ್ನ ಮರೆತಿದ್ದೆ.

ಪಕ್ಕದಲ್ಲಿ ಭೂಗೋಳದ ಮೇಷ್ಟ್ರು. ಅವರು ಬಾಣ ನೋಡಿದರು, ತಲೆ ಎತ್ತಿ ಸೂರ್ಯನನ್ನ ನೋಡಿದರು, ಆಮೇಲೆ ನನ್ನನ್ನ ನೋಡಿದರು. ನಾನು ಆಗ ತಾನೇ ಕೈಗೆ ಬಂದ ಇಡ್ಲಿ ತಟ್ಟೆ ನೋಡಿದೆ.

ಮಾಲೀಕರಿಗೆ ಬಾಣ ಅಂದ್ರೆ ಪ್ರಾಣ. "ಸೈಟು ಕೊಡ್ಸೋವಾಗ ಬ್ರೋಕರ್ ಇದನ್ನ ಪೂರ್ವದ ಬಾಗ್ಲು ಅಂದಿದ್ದ ಮೇಡಂ. ಪತ್ರದಲ್ಲೂ ಅಂಗೇ ತಪ್ಪು ಬರ್ದವ್ರೆ. ನಿಮ್ಮ ಬಾಣ ನೋಡಿದ್ ಮೇಲೇ ಗೊತ್ತಾಗಿದ್ದು, ನಮ್ದು ಉತ್ತರದ ಬಾಗ್ಲು ಅಂತ. ಬ್ರೋಕರ್ ಮಾತು ನಂಬಾನಾ, ಓದ್ದೋರ ಮಾತು ನಂಬಾನಾ? ದೇವ್ರು, ಮಂಚ, ಒಲೆ ಎಲ್ಲಾ ಬಾಣ ನೋಡ್ಕಂಡೇ ತಿರುಗಿಸ್ಕಂಡ್ವಿ."

"ಪುರೋಹಿತರು ಏನೂ ಅನ್ನಲಿಲ್ವಾ?" ಅಂತ ಕೇಳಿದೆ.

"ಅವರು ಒಂದು ಸಲ ಸೂರ್ಯನ್ನ ನೋಡುದ್ರು, ಒಂದು ಸಲ ಬಾಣ ನೋಡುದ್ರು. ಕಲ್ಲಲ್ಲೇ ಕೆತ್ತೈತಲ್ಲ, ಸುಮ್ಗಾಗ್ಬುಟ್ರು."

ಅಜ್ಜಿ ಜಗಲಿಯಿಂದ ಸೇರಿಸಿದರು. "ಬಾಣ ಬಂದ್ಮೇಲೆ ನನ್ನ ಮಂಡಿನೋವು ಒಂಟೋಯ್ತು ಕಣವ್ವ. ಮೊಮ್ಮಗಳಿಗೂ ಗಂಡು ಗೊತ್ತಾಯ್ತು."

ಮಾಲೀಕರು ಅಪ್ಪನಿಗೆ ಇನ್ನೊಂದು ಇಡ್ಲಿ ಹಾಕಿಸುತ್ತಾ, ಏನು ಕೆಲಸದಲ್ಲಿದ್ದಿರಿ ಅಂತ ವಿಚಾರಿಸಿದರು. ಭೂಗೋಳದ ಮೇಷ್ಟ್ರು ಅಂದ ಕೂಡಲೇ ಎದ್ದು ನಿಂತರು. "ಒಳ್ಳೇ ಸಮಯಕ್ಕೆ ಬಂದ್ರಿ ಸಾಮಿ. ನೆಂಟರು ಬಂದೋರೆಲ್ಲ ಬಾಣ ತಪ್ಪು, ಬಾಣ ತಪ್ಪು ಅಂತ ನಮ್ಮವ್ವನ ತಲೆ ತಿಂತಾವ್ರೆ. ನೀವೇ ಹೇಳ್ಬುಡಿ. ಇದು ಸರಿನಾ, ತಪ್ಪಾ?"

ಅಜ್ಜಿ ಬಿಸಿಲಿನಲ್ಲಿ ಕೈ ಅಡ್ಡ ಹಿಡಿದು ಅಪ್ಪನ ಮುಖವನ್ನೇ ನೋಡ್ತಾ ಇದ್ದರು. ಅಪ್ಪನ ಕೈಯಲ್ಲಿ ಇಡ್ಲಿ ಚೂರು ಹಾಗೇ ನಿಂತಿತ್ತು. ಸುಳ್ಳು ಹೇಳಿ ಗೊತ್ತಿರೋ ಮನುಷ್ಯ ಅಲ್ಲ. ನನ್ನ ಕೆಲಸ, ಮಾನ, ಮೂರು ವರ್ಷದ ಆಸೆ ಎಲ್ಲ ಮುಗೀತು ಅಂದುಕೊಂಡೆ.

ಅಪ್ಪ ಚಟ್ನಿ ಮುಟ್ಟಿಸಿ ಇಡ್ಲಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ನುಂಗಿದರು. "ಸರಿಯಾಗೇ ಇದೆ" ಅಂದರು. "ಭೂಮಿ ನೆಟ್ಟಗೆ ನಿಂತಿಲ್ಲ ನೋಡಿ, ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡಿದೆ. ಕೆಲವು ಲೇಔಟಿನಲ್ಲಿ ಅದು ಜಾಸ್ತಿ ಗೊತ್ತಾಗುತ್ತೆ."

"ಕೇಳ್ಕಂಡೇನವ್ವ?" ಮಾಲೀಕರು ಅಜ್ಜಿ ಕಡೆ ತಿರುಗಿದರು. "ಭೂಮಿ ವಾಲೈತಂತೆ. ನಮ್ಮನೆ ನೆಟ್ಟಗೈತೆ."

ಹೊರಡೋವಾಗ ಅಜ್ಜಿ ಅಪ್ಪನಿಗೆ ಒಂದು ಸೋರೆಕಾಯಿ ಕೊಟ್ಟರು. ಸ್ಕೂಟರ್ ಹತ್ತಿ ಲೇಔಟ್ ದಾಟಿದೆವು. ಹಿಂದೆ ಸೋರೆಕಾಯಿ ತಬ್ಬಿಕೊಂಡು ನಾನು, "ಅಪ್ಪ, ಅದು ಹಾಳೆ ತಿರುಗಿಸೋವಾಗ" ಅಂತ ಶುರು ಮಾಡಿದೆ.

"ಆ ತೊಟ್ಟಿ ಬಹಳ ಚೆನ್ನಾಗಿದೆ ಕಣೇ" ಅಂದರು ಅಪ್ಪ. "ಎದ್ದು ಬರೋಕೆ ಮನಸ್ಸಾಗಲಿಲ್ಲ ನನಗೆ."

ಅಷ್ಟು ಸಾಕಾಗಿತ್ತು. ಅಳು ಬಂತು, ನಗು ಬಂತು, ಎರಡನ್ನೂ ಸೋರೆಕಾಯಿ ಮೇಲೇ ಇಳಿಸಿದೆ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಂತಾಗ ಅಪ್ಪ ಹಿಂದಕ್ಕೆ ತಿರುಗಿದರು.

"ದಿಕ್ಕು ತಪ್ಪು ಬರೆದ ಮಕ್ಕಳಿಗೆಲ್ಲ ಸರ್ವೀಸ್ ಪೂರ್ತಿ ಸೊನ್ನೆ ಹಾಕಿದ್ದೀನಿ ನಾನು. ಇವತ್ತು ನಿನಗೋಸ್ಕರ ಭೂಮೀನೇ ಬೋಗಾದಿ ಕಡೆಗೆ ವಾಲಿಸಿ ಬಂದೆ. ಯಾರ ಹತ್ತಿರವೂ ಬಾಯಿ ಬಿಡಬೇಡ. ಗೊತ್ತಾದರೆ ಆ ಹುಡುಗರೆಲ್ಲ ಮಾರ್ಕ್ಸ್ ವಾಪಸ್ ಕೇಳೋಕೆ ನಮ್ಮನೆ ಮುಂದೆ ಸಾಲು ನಿಲ್ತಾರೆ."